ಪೇಟೆಯ ದಾರಿ ತೋರಿಸಿ

ಜುಮುಅ ಖುತ್ಬಾದ ಸಾರ

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಶಾಂತಿ, ಅನುಗ್ರಹಗಳಿರಲಿ. ಸಹೋದರರೇ, ತಕ್ವಾ ಪಾಲಿಸಬೇಕೆಂದು ಮೊದಲು ನಮಗೂ ಆ ಮೇಲೆ ನಿಮಗೂ ವಸಿಯ್ಯತ್ ಮಾಡುತ್ತೇವೆ.

ಈ ವಾರ ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿದೆ. ಕೆಲವು ಸಮಯದ ಹಿಂದೆ ಒಂದು ರಾತ್ರಿ ಇಶಾ ಕಳೆದ ಮೇಲೆ ಒಬ್ಬರು ಉಮ್ಮ ಮಗಳನ್ನು ಕರೆದುಕೊಂಡು ಬಂದು ಮಸೀದಿಯ ಗೇಟಿನ ಬಳಿ ನಿಂತರು. "ಉಸ್ತಾದ್, ಮಗನಿಗೆ ಒಂದು ದುಆ ಮಾಡಬೇಕು. ದುಬೈಯಲ್ಲಿ ಕೆಲಸ ಆಗಿದೆ ಅಂತ ಹೇಳ್ತಾನೆ. ಎರಡು ತಿಂಗಳಾಗ್ತಾ ಬಂತು, ಸಂಬಳ ಮಾತ್ರ ಇನ್ನೂ ಕೊಟ್ಟಿಲ್ಲವಂತೆ. ಆ ಕಂಪೆನಿಯವರ ಮನಸ್ಸು ಕರಗಲಿ ಅಂತ ದುಆ ಮಾಡಿ" ಎಂದರು. ನಾವು ಅಲ್ಲೇ ಕೈ ಎತ್ತಿ ದುಆ ಮಾಡಿದೆವು. ಅವರು ಹೋದ ಮೇಲೆ ಹುಡುಗನಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತು ಅವನು ನಮಗೂ ಅದೇ ಮಾತು ಹೇಳಿದ. ಕಂಪೆನಿಯ ಹೆಸರು ಕೇಳಿದಾಗ ಸುಮ್ಮನಾದ. ಆ ಮೇಲೆ ಅತ್ತ.

ಕೆಲಸವೂ ಇರಲಿಲ್ಲ, ಕಂಪೆನಿಯೂ ಇರಲಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿದ್ದ. ದೇರಾದ ಒಂದು ರೂಮಿನಲ್ಲಿ ಹನ್ನೆರಡು ಜನರ ನಡುವೆ ಒಂದು ಬೆಡ್ ಸ್ಪೇಸ್. ಬೆಳಿಗ್ಗೆ ಬಯೋಡಾಟಾ ಹಿಡಿದು ಹೊರಟರೆ ಮಗ್ರಿಬ್‌ಗೆ ವಾಪಸ್. ಮಧ್ಯಾಹ್ನ ಖುಬ್ಬೂಸ್ ಮತ್ತು ನೀರು. ವೀಸಾ ಮುಗಿಯಲು ಒಂಬತ್ತು ದಿನ ಬಾಕಿ ಇತ್ತು. ಹೊರಡುವಾಗ "ವೀಸಾ ಮತ್ತು ಕೆಲಸ ಎರಡೂ ಗ್ಯಾರಂಟಿ" ಎಂದು ಒಂದು ಲಕ್ಷಕ್ಕಿಂತ ಮೇಲೆ ಹಣ ತೆಗೆದುಕೊಂಡವನು ಅನ್ಯನಲ್ಲ, ನಮ್ಮದೇ ಕಡೆಯವನು, ನಮ್ಮ ಜೊತೆ ಸಫ್‌ನಲ್ಲಿ ನಿಲ್ಲುವವನು. "ಮನೆಯಲ್ಲಿ ಯಾಕೆ ಸುಳ್ಳು ಹೇಳಿದೆ ಮೋನೇ?" ಎಂದು ಕೇಳಿದರೆ, "ಉಮ್ಮ ಅವರ ಬಳೆ ಅಡವಿಟ್ಟಿದ್ದಾರೆ ಉಸ್ತಾದ್, ನಾನು ಏನಂತ ಹೇಳಲಿ?" ಎಂದ.

ಆ ಹುಡುಗ ವೀಸಾ ಮುಗಿಯುವ ಮೊದಲೇ ಊರಿಗೆ ಬಂದ, ಅಲ್‌ಹಮ್ದುಲಿಲ್ಲಾಹ್. ಅವನ ಮತ್ತು ಅವನ ಉಮ್ಮನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಅವನು ಯಾರೆಂದು ಹುಡುಕಲು ಯಾರೂ ಹಿಂದೆ ತಿರುಗಬೇಡಿ. ನಾವು ಅಂದು ಮಾಡಿದ ದುಆ ಇಲ್ಲದ ಕಂಪೆನಿಯ ಬಗ್ಗೆ ಆಗಿತ್ತು. ಆದರೂ ಅಲ್ಲಾಹನು ಅದನ್ನು ವ್ಯರ್ಥ ಮಾಡಲಿಲ್ಲವೆಂದು ನಮ್ಮ ನಂಬಿಕೆ.

ಪರಊರಿಗೆ ಹೋಗಿ ಕೆಲಸ ಹುಡುಕುವುದು ನಾಚಿಕೆಯ ವಿಷಯವಲ್ಲ. ನಮ್ಮ ದೀನಿನ ಚರಿತ್ರೆಯ ಮೊದಲ ಪುಟಗಳೇ ಅದರಿಂದ ತುಂಬಿವೆ. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹಿಜ್‌ರತ್ ಹೋದ ಸಹಾಬಿಗಳನ್ನು ನೆನೆಯಿರಿ. ಮನೆ, ಅಂಗಡಿ, ಒಂಟೆ ಎಲ್ಲವನ್ನೂ ಬಿಟ್ಟು ಬಂದವರು. ಮಕ್ಕಾದವರು ವ್ಯಾಪಾರಿಗಳು, ಮದೀನಾದವರು ಹೆಚ್ಚಾಗಿ ಕೃಷಿಕರು. ಊರು ಹೊಸತು, ಹವೆ ಹೊಸತು, ಕಸುಬೂ ಬೇರೆ. ಅವರಲ್ಲಿ ಒಬ್ಬರು ಅಬ್ದುರ್ರಹ್ಮಾನ್ ಬಿನ್ ಔಫ್(ರ). ಪ್ರವಾದಿ(ಸ)ರು ಅವರನ್ನೂ ಮದೀನಾದ ಸಅದ್ ಬಿನ್ ರಬೀಅ್(ರ)ರನ್ನೂ ಸಹೋದರರನ್ನಾಗಿ ಮಾಡಿದರು. ಸಅದ್(ರ) ಅನುಕೂಲಸ್ಥರು. ತಮ್ಮ ಆಸ್ತಿಯಲ್ಲಿ ಅರ್ಧ ತೆಗೆದುಕೊಳ್ಳಿ ಎಂದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಬರಕತ್ತಿನ ದುಆ ಮಾಡಿ, ತಮಗೆ ಪೇಟೆಯ ದಾರಿ ತೋರಿಸಿದರೆ ಸಾಕು ಎಂದರು. ಖೈನುಕಾಅ್ ಮಾರುಕಟ್ಟೆಯ ದಾರಿ ತೋರಿಸಿದರು. ಅಲ್ಲಿಗೆ ಹೋಗಿ ಒಣಗಿಸಿದ ಗಿಣ್ಣು ಮತ್ತು ತುಪ್ಪದ ವ್ಯಾಪಾರ ಸುರು ಮಾಡಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಮದುವೆಯೂ ಆಯಿತು, ಒಂದು ಆಡನ್ನಾದರೂ ಕೊಯ್ದು ವಲೀಮ ಮಾಡಬೇಕೆಂದು ಪ್ರವಾದಿ(ಸ)ರು ಹೇಳಿದರು. ಬುಖಾರಿಯಲ್ಲಿರುವ ಈ ಘಟನೆ ನಿಮಗೆಲ್ಲ ಗೊತ್ತಿದ್ದದ್ದೇ.

ಸಾಮಾನ್ಯವಾಗಿ ಈ ಕಥೆ ಹೇಳುವಾಗ ನಾವು ಅಬ್ದುರ್ರಹ್ಮಾನ್(ರ)ರ ಸ್ವಾಭಿಮಾನವನ್ನು ಹೊಗಳುತ್ತೇವೆ. ಇಂದು ಸಅದ್(ರ)ರನ್ನು ಸ್ವಲ್ಪ ನೋಡೋಣ. ಅವರು ಆ ಊರಿನವರು, ಪೇಟೆ ಬಲ್ಲವರು. ಹೊಸಬನಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. ಆ ಗೊತ್ತಿರುವುದಕ್ಕೆ ಅವರು ಬೆಲೆ ಕಟ್ಟಲಿಲ್ಲ. ದಾರಿ ತೋರಿಸಲು ಕಮಿಷನ್ ಕೇಳಲಿಲ್ಲ.

ಈಗ ನಮ್ಮ ಕಡೆಯ ಮಾತಿಗೆ ಬರೋಣ. ಪುತ್ತೂರು, ಸುಳ್ಯ ಮತ್ತು ಈಚೆಗೆ ತಾಲೂಕಾದ ಕಡಬ, ಈ ಮೂರೂ ಕಡೆ ಅಡಿಕೆ, ರಬ್ಬರ್ ತೋಟಗಳ ನಾಡು. ಆದರೆ ನಮ್ಮಲ್ಲಿ ತೋಟ ಇದ್ದವರು ಕೆಲವರು, ತೋಟದಲ್ಲಿ ದುಡಿದವರು, ಸಂತೆಯಲ್ಲಿ ಒಣಮೀನು ಮಾರಿದವರು, ಮರದ ಲೋಡು ಎತ್ತಿದವರು, ಬೀಡಿ ಸುತ್ತಿ ಮಕ್ಕಳನ್ನು ಸಾಕಿದ ಉಮ್ಮಂದಿರೇ ಹೆಚ್ಚು. ತೋಟ ಇದ್ದವರಿಗೂ ಈಗ ಸುಖವಿಲ್ಲ, ಸುಳ್ಯದ ಕಡೆ ಹಳದಿ ಎಲೆ ರೋಗ ಬಂದು ಅಡಿಕೆ ಮರಗಳು ಬೋಳಾಗಿ ನಿಂತದ್ದನ್ನು ಕಂಡಿದ್ದೀರಿ. ಹೀಗೆ ನಮ್ಮ ಹಿರಿಯರು ಮೊದಲು ಬೊಂಬಾಯಿಗೆ ಹೋದರು. ಅಲ್ಲಿಂದ ಕೆಲವರು ಹಡಗು ಹತ್ತಿದರು. ದ್ವಾರಕಾ ಎಂಬ ಹಡಗು 1982ರವರೆಗೂ ಬೊಂಬಾಯಿಯಿಂದ ಗಲ್ಫ್ ಬಂದರುಗಳಿಗೆ ಜನರನ್ನು ಸಾಗಿಸುತ್ತಿತ್ತು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಹಾರಿದ ಮೇಲೆ ಪ್ರಯಾಣ ಸುಲಭವಾಯಿತು. ಮಧ್ಯಾಹ್ನ ಕುಂಬ್ರದಲ್ಲಿ ಉಂಡವನು ರಾತ್ರಿ ಶಾರ್ಜಾದಲ್ಲಿ ಮಲಗಬಹುದು.

ಆ ಹಿರಿಯರು ಬಕಾಲದಲ್ಲಿ ಅಕ್ಕಿ ಮೂಟೆ ಹೊತ್ತರು, ಬೂಫಿಯಾದಲ್ಲಿ ಸ್ಯಾಂಡ್‌ವಿಚ್ ಕಟ್ಟಿದರು, ಅರಬಿ ಮನೆಯಲ್ಲಿ ಡ್ರೈವರ್ ಆದರು. ಈ ಮಸೀದಿಯ ಟೈಲ್ಸ್ ಮತ್ತು ಮದ್ರಸದ ಮಾಡು ಅವರ ಬೆವರಿನಿಂದ ಬಂದದ್ದು. ಎಷ್ಟೋ ತಂಗಿಯಂದಿರ ನಿಕಾಹ್‌ಗೂ ಅದೇ ಹಣ. ಒಬ್ಬ ಹೋದವನು ಅಂಗಡಿಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಟ್ಟು ಇನ್ನೊಬ್ಬನನ್ನು ಕರೆಸಿಕೊಂಡ. ಹೆಸರಿಗೆ ಓದಿರದಿದ್ದರೂ ಸಅದ್(ರ)ರ ಸುನ್ನತ್ತನ್ನು ಅವರು ಪಾಲಿಸಿದರು. ಅವರಲ್ಲಿ ಬಹಳಷ್ಟು ಮಂದಿ ಈಗ ಖಬರಿನಲ್ಲಿದ್ದಾರೆ. ಅಲ್ಲಾಹನು ಅವರ ಖಬರನ್ನು ವಿಶಾಲಗೊಳಿಸಲಿ.

ಕಾಲ ಬದಲಾಗಿದೆ. ಸೌದಿಯಲ್ಲಿ 2011ರಲ್ಲಿ ನಿತಾಕಾತ್ ಬಂತು. ಅಂದರೆ ಪ್ರತಿ ಕಂಪೆನಿಯೂ ಇಂತಿಷ್ಟು ಮಂದಿ ಸೌದಿಯವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಬೇಕೆಂಬ ನಿಯಮ. 2013ರ ನವೆಂಬರ್ 3ಕ್ಕೆ ಮಾಫಿ ಅವಧಿ ಮುಗಿದಾಗ, ಒಬ್ಬ ಕಫೀಲನ ವೀಸಾದಲ್ಲಿದ್ದು ಬೇರೆ ಕಡೆ ದುಡಿಯುತ್ತಿದ್ದ ನಮ್ಮವರು ಪೆಟ್ಟಿಗೆ ಕಟ್ಟಿಕೊಂಡು ಬಂದರು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ತಿಯಾಗಿ ಸೌದಿಯವರಿಗೇ ಮೀಸಲಿಟ್ಟರು. 2017ರ ಜುಲೈಯಿಂದ ಜೊತೆಯಲ್ಲಿರುವ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಕರ ಹಾಕಿ, ವರ್ಷ ವರ್ಷ ಏರಿಸಿದರು. ಆಗ ಕುಟುಂಬಗಳೂ ವಾಪಸ್ ಬಂದವು. ಅದು ಅವರ ದೇಶ, ಅವರ ಮಕ್ಕಳಿಗೂ ಕೆಲಸ ಬೇಕು, ನಾವು ದೂರುವಂತಿಲ್ಲ. ಆದರೆ 1990ರಲ್ಲಿ ಹೋದ ಮಾಮ ಹೇಳುವ ಲೆಕ್ಕ ಇಂದು ಹೊರಡುವ ಅಳಿಯನಿಗೆ ಸರಿಹೊಂದುವುದಿಲ್ಲ. "ಹೋಗು, ಅಲ್ಲಿ ಹೋದ ಮೇಲೆ ಏನಾದರೂ ಸಿಗ್ತದೆ" ಎಂಬ ಮಾತು ಆಗ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ.

ಕೆಲಸ ಕಡಿಮೆಯಾದಷ್ಟೂ ಕೆಲಸ ಮಾರುವವರು ಹೆಚ್ಚಾದರು. ಇದನ್ನು ನಾವು ಬಿಡಿಸಿ ಹೇಳಲೇಬೇಕು, ಕೆಲವರಿಗೆ ಬೇಸರವಾದರೂ ಸರಿ.

ಯುಎಇಯ 2021ರ ಕಾರ್ಮಿಕ ಕಾನೂನು ಹೇಳುವುದು, ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚನ್ನು ಮಾಲಕನೇ ಭರಿಸಬೇಕು, ಕಾರ್ಮಿಕನಿಂದ ವಸೂಲು ಮಾಡಬಾರದು. ಸೌದಿಯ ಕಾರ್ಮಿಕ ಕಾನೂನಿನ 40ನೇ ವಿಧಿಯಲ್ಲೂ ಇಕಾಮಾ ಮತ್ತು ಕೆಲಸದ ಪರವಾನಿಗೆಯ ಶುಲ್ಕ ಮಾಲಕನದೇ ಹೊಣೆ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಂತೆ ನೋಂದಾಯಿತ ಏಜೆಂಟ್ ಮಾತ್ರ ವಿದೇಶಕ್ಕೆ ಜನರನ್ನು ಸೇರಿಸಿ ಕಳಿಸಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ರಶೀದಿ ಸಮೇತ. ಯಾರು ನೋಂದಾಯಿತರೆಂದು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಹಾಗಿರುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಸಿ, ಲಕ್ಷದ ಮೇಲೆ ಲಕ್ಷ ಎಣಿಸಿಕೊಂಡು, ಒಂದು ತುಂಡು ಕಾಗದವನ್ನೂ ಕೊಡದವನು ಮಾರುತ್ತಿರುವುದು ಏನನ್ನು?

ಫಿಖ್‌ಹ್‌ನ ಮಾತು ಹೇಳುತ್ತೇವೆ. ಒಬ್ಬನು ನಿಮಗಾಗಿ ನಿಜವಾಗಿ ಟಿಕೆಟ್ ತೆಗೆದಿದ್ದರೆ, ಫೀಸು ಕಟ್ಟಿದ್ದರೆ, ಆ ಖರ್ಚನ್ನು ತೆಗೆದುಕೊಳ್ಳುವುದು ಅವನ ಹಕ್ಕು. ಓಡಾಡಿದ ಶ್ರಮಕ್ಕೆ ಕಾನೂನು ಒಪ್ಪುವಷ್ಟು ಕೂಲಿಯನ್ನು ಮೊದಲೇ ಬಾಯಿಬಿಟ್ಟು ಹೇಳಿ, ಎರಡೂ ಕಡೆ ಒಪ್ಪಿದ್ದರೆ ಅದೂ ಬೇರೆ ಮಾತು. ಆದರೆ ಕೈಯಲ್ಲಿ ಇಲ್ಲದ್ದನ್ನು ಮಾರುವುದನ್ನು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ವಿರೋಧಿಸಿದ್ದಾರೆ. ಸಿಗುವುದೋ ಇಲ್ಲವೋ ತನಗೇ ಗೊತ್ತಿಲ್ಲದ ಕೆಲಸವನ್ನು ಗ್ಯಾರಂಟಿ ಎಂದು ಮಾರಿದವನು ಆ ವಿರೋಧದ ಒಳಗೇ ಬಂದು ಬೀಳುತ್ತಾನೆ. ಗೊತ್ತಿದ್ದೂ ಸುಳ್ಳು ಹೇಳಿದ್ದರೆ ವಂಚನೆ, ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ(ಸ)ರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಾರೆ. ಆ ಹಣದಲ್ಲಿ ಉಮ್ರಾ ಮಾಡಿದರೂ, ಮಸೀದಿಗೆ ಫ್ಯಾನ್ ಕೊಟ್ಟರೂ ಅದು ಹಕ್ಕುದಾರನಿಗೆ ಮರಳುವವರೆಗೆ ಕುತ್ತಿಗೆಯ ಮೇಲಿನ ಭಾರವೇ. ಖಿಯಾಮತ್ ದಿನದ ಪಾಪರ್‌ನ ಬಗ್ಗೆ ಇರುವ ಹದೀಸ್ ಎಲ್ಲರೂ ಕೇಳಿದ್ದೀರಿ. ನಮಾಝ್, ಉಪವಾಸ, ಝಕಾತ್ ಎಲ್ಲ ಹೊತ್ತು ಬಂದವನು, ಜನರ ಹಕ್ಕು ತೀರಿಸುತ್ತಾ ತೀರಿಸುತ್ತಾ ಬರಿಗೈಯಾಗಿ, ಕೊನೆಗೆ ಅವರ ಪಾಪಗಳನ್ನೂ ಹೊರುತ್ತಾನೆ. ಇಂತಹ ಹಣ ಇಂದೂ ನಮ್ಮ ಕೆಲವರ ಕಿಸೆಯಲ್ಲಿದೆ. ಅಸರ್‌ಗೆ ಮೊದಲು ಹಿಂದಿರುಗಿಸಲು ಯಾರೂ ತಡೆಯುವುದಿಲ್ಲ.

ಯುವಕರಿಗೆ ಎರಡು ಮಾತು. "ಆಝಾದ್ ವೀಸಾ" ಅಥವಾ "ಫ್ರೀ ವೀಸಾ" ಎಂಬ ಹೆಸರಿನ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಕಫೀಲನ ಹೆಸರಿನಲ್ಲಿ ವೀಸಾ ಮಾಡಿ, ತಿಂಗಳು ತಿಂಗಳು ಅವನಿಗೆ ಕಾಣಿಕೆ ಕೊಟ್ಟು, ಹೊರಗೆ ಎಲ್ಲೋ ದುಡಿಯುವುದಕ್ಕೆ ನಮ್ಮವರು ಇಟ್ಟ ಹೆಸರು ಅದು. ಕಫೀಲನು ಓಡಿಹೋದನೆಂದು ದೂರು ಕೊಟ್ಟು ಹುರೂಬ್ ಹಾಕಿದ ದಿನ ನಿಮ್ಮ ಸ್ವಾತಂತ್ರ್ಯ ಮುಗಿಯಿತು. ವಿಸಿಟ್ ವೀಸಾದ ಮಾತೂ ಅದೇ. ಅದರಲ್ಲಿ ಹೋಗಿ ಸಂದರ್ಶನಕ್ಕೆ ಕೂರಬಹುದು, ಆದರೆ ದುಡಿಯುವಂತಿಲ್ಲ. ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ. ಒಂದು ತಿಂಗಳು ಮೀರಿದರೆ 1,500 ದಿರ್ಹಂ ಆಯಿತು. ಕೆಲಸ ಹುಡುಕುವವರಿಗೆಂದೇ 60, 90, 120 ದಿನಗಳ ವೀಸಾವನ್ನು ಯುಎಇ 2022ರಲ್ಲಿ ತಂದಿದೆ, ಆದರೆ ಅದು ಪದವಿ ಪಡೆದ, ಉನ್ನತ ಕಸುಬಿನವರಿಗೆ ಮಾತ್ರ.

ಗಲ್ಫ್ ಬಿಟ್ಟು ಬೇರೆ ಕಡೆಯ ಆಮಿಷಗಳೂ ಈಗ ಮೊಬೈಲಿನಲ್ಲಿ ಬರುತ್ತವೆ. ಸೆಕ್ಯೂರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ನಮ್ಮದೇ ರಾಜ್ಯದ ಕಲಬುರಗಿ ಕಡೆಯ ಯುವಕರನ್ನು ಯುದ್ಧದ ಜಾಗಕ್ಕೆ ಕಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಓದಿದ್ದೀರಿ. ಅವರು 2024ರ ಸೆಪ್ಟೆಂಬರ್‌ನಲ್ಲಿ ಜೀವ ಉಳಿಸಿಕೊಂಡು ಮನೆ ಸೇರಿದರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂರಿಸುವವರ ಬಗ್ಗೆ ನಮ್ಮ ಸರಕಾರವೇ ಎಚ್ಚರಿಕೆ ಕೊಟ್ಟಿದೆ. ಕಲಿತ ಮಕ್ಕಳೇ ಇದಕ್ಕೆ ಬಲಿಯಾಗುತ್ತಿದ್ದಾರೆ.

ಹಾಗಾದರೆ ಹೊರಡುವವನು ಹೇಗೆ ಹೊರಡಬೇಕು? ಕುರ್‌ಆನ್‌ನಲ್ಲಿ ಸೂರಾ ಖಸಸ್‌ನಲ್ಲಿ ಮೂಸಾ(ಅ)ರ ವೃತ್ತಾಂತವಿದೆ. ಈಜಿಪ್ಟಿನಿಂದ ಜೀವಭಯದಲ್ಲಿ ಹೊರಟು ಮದ್‌ಯನ್ ತಲುಪಿದರು. ಕೈಯಲ್ಲಿ ಏನೂ ಇಲ್ಲ, ಪರಿಚಯದವರು ಒಬ್ಬರೂ ಇಲ್ಲ. ಬಾವಿಯ ಬಳಿ ಗಂಡಸರ ಗದ್ದಲದಲ್ಲಿ ತಮ್ಮ ಆಡುಗಳನ್ನು ತಡೆದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ನೀರು ಸೇದಿ ಕೊಟ್ಟರು. ಕೂಲಿ ಕೇಳಲಿಲ್ಲ. ನೆರಳಿಗೆ ಹೋಗಿ, ನೀನು ಯಾವ ಒಳಿತನ್ನು ಇಳಿಸಿಕೊಟ್ಟರೂ ಅದರ ಅಗತ್ಯ ನನಗಿದೆ ಎಂದು ಅಲ್ಲಾಹನ ಬಳಿ ತಮ್ಮ ಬಡತನ ಹೇಳಿಕೊಂಡರು. ಆ ಮೇಲೆ ಅವರಿಗೆ ಕೆಲಸ ಸಿಕ್ಕಿತು. ಆ ಹುಡುಗಿ ತಂದೆಗೆ ಹೇಳಿದ ಶಿಫಾರಸು ಎರಡೇ ಮಾತಿನದು, ಇವರಲ್ಲಿ ಶಕ್ತಿಯೂ ಇದೆ, ಅಮಾನತೂ ಇದೆ. ನಂತರ ಆ ಹಿರಿಯರು ಕರಾರು ಹೇಳಿದರು. ಎಂಟು ವರ್ಷ ಕೆಲಸ, ಹತ್ತು ಪೂರ್ತಿ ಮಾಡುವುದು ನಿನ್ನ ಇಷ್ಟ, ನಿನಗೆ ಕಷ್ಟ ಕೊಡುವ ಉದ್ದೇಶ ನನಗಿಲ್ಲ. ಮೂಸಾ(ಅ) ಒಪ್ಪಿ ಅಲ್ಲಾಹನನ್ನು ಸಾಕ್ಷಿಯಾಗಿಸಿದರು.

ಗಮನಿಸಿ, ಒಬ್ಬ ಪ್ರವಾದಿಯ ಕೆಲಸದ ಕರಾರಿನಲ್ಲೂ ಅವಧಿ ಎಷ್ಟು, ಪ್ರತಿಫಲ ಏನು, ಹೆಚ್ಚುವರಿ ಕೆಲಸ ಯಾರ ಇಷ್ಟ ಎಂಬುದೆಲ್ಲ ಮೊದಲೇ ಬಿಚ್ಚಿ ಹೇಳಲಾಗಿದೆ. ನಮ್ಮ ಹುಡುಗರು ಮಾತ್ರ "ನಮ್ಮವರೇ ಅಲ್ವಾ, ಕೇಳಿದರೆ ಬೇಸರ ಮಾಡ್ತಾರೆ" ಎಂದು ಏನೂ ಕೇಳದೆ ವಿಮಾನ ಹತ್ತುತ್ತಾರೆ. ಕೇಳಿ. ಮೂಲ ಸಂಬಳ ಎಷ್ಟು, ಊಟ ಮತ್ತು ರೂಮು ಯಾರದು, ಕೆಲಸದ ಗಂಟೆ ಎಷ್ಟು, ವೀಸಾದಲ್ಲಿ ಬರೆದಿರುವ ಕಸುಬು ಯಾವುದು? ಆಫರ್ ಲೆಟರಿನ ಫೋಟೋ ತರಿಸಿ, ಅರಬಿ ಬಲ್ಲ ಉಸ್ತಾದರಿಗೋ ಅಲ್ಲಿ ಇದ್ದು ಬಂದವರಿಗೋ ತೋರಿಸಿ. ತಲುಪಿದ ಮೇಲೆ ಪಾಸ್‌ಪೋರ್ಟ್ ಯಾರೂ ಇಟ್ಟುಕೊಳ್ಳುವಂತಿಲ್ಲ, ಅಲ್ಲಿನ ಕಾನೂನೇ ಹಾಗೆ ಹೇಳುತ್ತದೆ. ಎಲ್ಲ ಕಾಗದದ ಒಂದು ಪ್ರತಿ ಮನೆಯಲ್ಲಿ ಉಮ್ಮನ ಬಳಿ ಇರಲಿ.

ಎಸೆಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ. ಅಂಥವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಇಲಾಖೆಯ ಅನುಮತಿ ಬೇಕು. ಇದನ್ನು ಉಪದ್ರವವೆಂದು ಭಾವಿಸಿ, ತಪ್ಪಿಸಿಕೊಳ್ಳಲು ವಿಸಿಟ್ ವೀಸಾದಲ್ಲಿ ಹೋಗುವವರಿದ್ದಾರೆ. ಆದರೆ ಆ ಅನುಮತಿಯ ಜೊತೆಗೇ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿಯ ರಕ್ಷಣೆ ಇದೆ, ಎರಡು ವರ್ಷದ ಕಂತು 275 ರೂಪಾಯಿ ಮತ್ತು ತೆರಿಗೆ. ಅಡ್ಡದಾರಿ ಹಿಡಿದವನು ಇದನ್ನೂ ಕಳೆದುಕೊಂಡ, ನಾಳೆ ದೂರು ಕೊಡುವಾಗ ಕಾಗದದಲ್ಲಿ ಅವನು ಕಾರ್ಮಿಕನೇ ಅಲ್ಲ, ಪ್ರವಾಸಿ.

ಇನ್ನು ಆ ಹುಡುಗಿ ಹೇಳಿದ ಶಕ್ತಿ ಎಂಬ ಮಾತು. ಇಂದು ಶಕ್ತಿಯೆಂದರೆ ಕೈಕಸುಬು. ಎಸಿ ಮೆಕ್ಯಾನಿಕ್, ವೆಲ್ಡಿಂಗ್, ವಯರಿಂಗ್, ಪ್ಲಂಬಿಂಗ್ ಬಲ್ಲವನಿಗೂ "ಯಾವ ಕೆಲಸವಾದರೂ ಮಾಡ್ತೇನೆ" ಎನ್ನುವವನಿಗೂ ಸಂಬಳದಲ್ಲಿ ಬಹಳ ಅಂತರ. ಸೌದಿಗೆ ಹೋಗುವ ಇಂತಹ ಕೆಲವು ಕಸುಬಿನವರು ಈಗ ಭಾರತದಲ್ಲೇ ಪರೀಕ್ಷೆ ಬರೆದು, ಕೈಕೆಲಸ ಮಾಡಿ ತೋರಿಸಿ ಪಾಸಾದರೆ ಮಾತ್ರ ವೀಸಾ. ಐಟಿಐಗೆ ಸೇರಿದ ಎರಡು ವರ್ಷ ಹಾಳಾಯಿತೆಂದು ತಿಳಿಯುವ ತಂದೆಯಂದಿರು ಇದನ್ನು ಯೋಚಿಸಿ. ನಮ್ಮ ತಪ್ಪೂ ಒಂದಿದೆ. ಹತ್ತು ವರ್ಷ ಮದ್ರಸ ಕಲಿತ ಹುಡುಗ ಅರಬಿ ಅಕ್ಷರ ಓದುತ್ತಾನೆ, ಅಂಗಡಿಯ ಬೋರ್ಡನ್ನೂ ಓದಬಲ್ಲ. ಆದರೆ "ಇದಕ್ಕೆ ಎಷ್ಟು?" ಎಂದು ಅರಬಿಯಲ್ಲಿ ಕೇಳಲು ಅವನಿಗೆ ನಾಲಗೆ ಏಳುವುದಿಲ್ಲ. ಉಸ್ತಾದರಾದ ನಾವು ಕಲಿಸಲಿಲ್ಲ.

ಹಣದ ವಿಷಯ. ಅಬೂದಾವೂದ್‌ನಲ್ಲಿ ಒಂದು ಹದೀಸ್ ಇದೆ. ಕೇಳಲು ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿ(ಸ)ರು ತರಿಸಿ, ಸಹಾಬಿಗಳ ನಡುವೆ ಏಲಂ ಹಾಕಿ ಎರಡು ದಿರ್ಹಂಗೆ ಮಾರಿದರು. ಒಂದು ದಿರ್ಹಂಗೆ ಮನೆಯವರಿಗೆ ಊಟದ ಸಾಮಾನು ಕೊಳ್ಳಲು ಹೇಳಿದರು. ಇನ್ನೊಂದಕ್ಕೆ ಕೊಡಲಿ ತರಿಸಿ, ತಮ್ಮ ಕೈಯಿಂದಲೇ ಅದಕ್ಕೆ ಕಾವು ಹಾಕಿ, ಸೌದೆ ಕಡಿದು ಮಾರು, ಹದಿನೈದು ದಿನ ಈ ಕಡೆ ಬರಬೇಡ ಎಂದರು. ಅವರು ಹತ್ತು ದಿರ್ಹಂ ಗಳಿಸಿಕೊಂಡು ಬಂದರು. ಕೊಡಲಿಗಿಂತ ಮೊದಲು ಮನೆಯ ಊಟ ಬಂದದ್ದನ್ನು ನೋಡಿ. ಹೋಗುವವನು ಮೂರು ತಿಂಗಳ ಮನೆ ಖರ್ಚನ್ನು ಇಟ್ಟು ಹೋಗಲಿ. ಇಲ್ಲವಾದರೆ ಅಲ್ಲಿ ಅವನು ಕೆಲಸ ಹುಡುಕುವುದಿಲ್ಲ, ಸಿಕ್ಕಿದ ಮೊದಲ ಬಲೆಗೆ ಬೀಳುತ್ತಾನೆ.

ಬಡ್ಡಿ ಸಾಲದ ಮೇಲೆ ಹಲಾಲ್ ಸಂಪಾದನೆಯ ಪ್ರಯಾಣ ಸುರು ಮಾಡಬೇಡಿ. ಹೆಂಡತಿಯ ಮಹರ್ ಚಿನ್ನ ಹೆಂಡತಿಯದು. ಅವಳು ಮನಸಾರೆ ಕೊಟ್ಟರೆ ಸರಿ. ಅತ್ತೆ ಮುಖ ಊದಿಸಿಕೊಂಡಳೆಂದು, ಗಂಡ ಮಾತು ಬಿಟ್ಟನೆಂದು ಬಿಚ್ಚಿ ಕೊಟ್ಟ ಚಿನ್ನವನ್ನು ಮನಸಾರೆ ಕೊಟ್ಟದ್ದೆಂದು ಹೇಳಲಾಗದು. ಕೊಟ್ಟಿದ್ದರೆ ಗ್ರಾಂ ಬರೆದಿಟ್ಟು, ಮೊದಲ ಸಂಬಳದಿಂದಲೇ ತೀರಿಸಲು ಆರಂಭಿಸಿ.

ಈಗ ಮನೆಯವರಿಗೆ, ಮುಖ್ಯವಾಗಿ ಮೇಲಿನ ಹಾಲ್‌ನಲ್ಲಿ ಕೇಳುತ್ತಿರುವ ಉಮ್ಮಂದಿರಿಗೆ, ಸಹೋದರಿಯರಿಗೆ. ಆ ಹುಡುಗ ಏಕೆ ಸುಳ್ಳು ಹೇಳಿದ? ಸುಳ್ಳು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನನ್ನು ಆ ಮೂಲೆಗೆ ತಳ್ಳಿದವರಲ್ಲಿ ನಾವೂ ಇದ್ದೇವೆ. ಹೋಗಿ ವಾರವಾಗುವ ಮೊದಲೇ "ಎಷ್ಟು ಸಂಬಳ?" ಎಂದು ಕೇಳಿದೆವು. ಮದುವೆ ಮನೆಯಲ್ಲಿ ಅವನ ಉಮ್ಮನನ್ನು ಸುತ್ತುಗಟ್ಟಿ "ನಿಮಗೇನಮ್ಮಾ, ಮಗ ಗಲ್ಫಲ್ಲಿ" ಎಂದೆವು. ತಂಗಿಯ ಸಂಬಂಧ ಮಾತಾಡುವಾಗ ಹುಡುಗನ ಕಡೆಯವರು ಅದನ್ನೇ ಲೆಕ್ಕ ಹಾಕಿದರು. ಕೆಲಸ ಸಿಗದೆ ವಾಪಸ್ ಬಂದವನನ್ನು ನೋಡಿ "ಇವನಿಗೆ ಅಲ್ಲೂ ಆಗಲಿಲ್ಲ" ಎಂದು ನಕ್ಕೆವು. ಇಷ್ಟೆಲ್ಲ ಆದ ಮೇಲೆ ವೀಸಾ ಮುಗಿದರೂ ವಾಪಸ್ ಬರಲು ಹೆದರಿ, ಪಾರ್ಕಿನಲ್ಲಿ ಮಲಗುವ ಹುಡುಗನನ್ನು ಯಾರು ಅಲ್ಲಿ ಮಲಗಿಸಿದರು?

ಉಮ್ಮಂದಿರೇ, ಮಗ ಹೊರಡುವ ದಿನ ಪತ್ತಿರಿ, ಉಪ್ಪಿನಕಾಯಿ ಕಟ್ಟಿ ಕೊಡುವಾಗ ಈ ಒಂದು ಮಾತನ್ನೂ ಸೇರಿಸಿ ಕೊಡಿ: "ಮೋನೇ, ಆಗದಿದ್ದರೆ ವಾಪಸ್ ಬಾ. ಗಂಜಿಗೆ ಇಲ್ಲಿ ತೊಂದರೆ ಇಲ್ಲ. ನನ್ನತ್ರ ಮಾತ್ರ ನಿಜ ಹೇಳು." ಆ ಹುಡುಗನ ಉಮ್ಮ ನಮ್ಮ ಬಳಿ ಹೇಳಿದ್ದು, "ನನಗೆ ಬಳೆಯ ಚಿಂತೆ ಇರಲಿಲ್ಲ ಉಸ್ತಾದ್, ಅವನು ಊಟ ಮಾಡ್ತಾನಾ ಅಂತ ಮಾತ್ರ ಇತ್ತು." ಇದನ್ನು ಅವನಿಗೆ ಆಗಲೇ ಯಾರಾದರೂ ಹೇಳಬೇಕಿತ್ತು.

ಜಮಾಅತ್‌ನವರಿಗೂ ಹೇಳುವುದಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರನೂ ಇದ್ದಾನೆ, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಇದ್ದಾನೆ. ಪರದೇಶದಲ್ಲಿ ಟಿಕೆಟಿಗೆ ಹಣವಿಲ್ಲದೆ ಕುಳಿತವನು ಪ್ರಯಾಣಿಕನಲ್ಲದೆ ಇನ್ನೇನು? ರಂಝಾನಿನಲ್ಲಿ ಗೇಟಿಗೆ ಬಂದವರಿಗೆ ಚಿಲ್ಲರೆ ಹಂಚುವ ಶ್ರೀಮಂತರು ಇದನ್ನೂ ಯೋಚಿಸಲಿ, ಅರ್ಹತೆಯನ್ನು ನಮ್ಮ ಬಳಿ ಕೇಳಿ ನಿರ್ಧರಿಸಲಿ. ಸಂಬಳ ಸಿಗದವರು, ಪಾಸ್‌ಪೋರ್ಟ್ ಕಳಕೊಂಡವರು ಆಯಾ ದೇಶದ ಭಾರತೀಯ ದೂತಾವಾಸಕ್ಕೆ ಹೋಗಲು ಹೆದರಬಾರದು. ಮದದ್ ಎಂಬ ಸರಕಾರಿ ಜಾಲತಾಣದಲ್ಲಿ ಊರಿನಿಂದ ಮನೆಯವರೂ ದೂರು ದಾಖಲಿಸಬಹುದು. ಬರೆಯಲು ಬಾರದಿದ್ದರೆ ಮಸೀದಿಯ ಆಫೀಸಿಗೆ ಬನ್ನಿ, ಮುಅಲ್ಲಿಂ ಬರೆದು ಕೊಡುತ್ತಾರೆ.

ಕೊನೆಯದಾಗಿ ಒಂದು ಕೆಲಸ. ಜಮಾಅತ್ ಕಮಿಟಿಯವರ ಜೊತೆ ಮಾತಾಡಿದ್ದೇವೆ, ಒಪ್ಪಿದ್ದಾರೆ. ಮಸೀದಿಯ ಆಫೀಸಿನಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿದ್ದೇವೆ. ನಮ್ಮ ಮಹಲ್ಲ್‌ನಿಂದ ಹೊರಗೆ ಇರುವವರು ಯಾವ ಊರು, ಯಾವ ಕಸುಬು, ಹೊಸಬ ಬಂದರೆ ನಾಲ್ಕು ದಿನ ಮಲಗಲು ಜಾಗ ಕೊಡಬಲ್ಲರೇ, ಅಲ್ಲಿನ ಕೆಲಸದ ಸ್ಥಿತಿಯನ್ನು ಫೋನಿನಲ್ಲಿ ನಿಜವಾಗಿ ಹೇಳಬಲ್ಲರೇ, ಇದನ್ನು ಮನೆಯವರು ಕೇಳಿ ಬರೆಸಬೇಕು. "ಇಲ್ಲಿ ಈಗ ಕೆಲಸವಿಲ್ಲ, ಬರಬೇಡ" ಎಂದು ಹೇಳುವವರ ಹೆಸರನ್ನೂ ಬರೆಯುತ್ತೇವೆ, ಅದೂ ದಾರಿ ತೋರಿಸುವುದೇ. ಹೊರಡುವ ಯುವಕರು ಹಣ ಕೊಡುವ ಮೊದಲು ಈ ಪುಸ್ತಕ ನೋಡಿ ಅವರಿಗೆ ಫೋನ್ ಮಾಡಲಿ. ಇಪ್ಪತ್ತು ಮೂವತ್ತು ವರ್ಷ ಅಲ್ಲಿದ್ದು ಬಂದು ಈಗ ಅಸರ್‌ನಿಂದ ಮಗ್ರಿಬ್‌ವರೆಗೆ ಜಗಲಿಯಲ್ಲಿ ಕೂರುವ ಹಿರಿಯರು ಭಾನುವಾರ ಮದ್ರಸಕ್ಕೆ ಬಂದು ಹುಡುಗರಿಗೆ ಮಾತಾಡುವ ಅರಬಿ ಕಲಿಸಲು ಒಪ್ಪಿದ್ದಾರೆ, ಒಬ್ಬರಂತೂ ನಾಳೆಯಿಂದಲೇ ಆಗಲಿ ಎಂದಿದ್ದಾರೆ. ಮೊದಲ ಹೆಸರನ್ನು ದೇರಾದಿಂದ ವಾಪಸ್ ಬಂದ ಆ ಹುಡುಗನೇ ಬರೆಸಿದ್ದಾನೆ. ಅವನ ಬೆಡ್ ಸ್ಪೇಸ್‌ನ ಪಕ್ಕ ಮಲಗುತ್ತಿದ್ದ, ಊಟ ಹಂಚಿಕೊಂಡ ಬೆಳ್ಳಾರೆ ಕಡೆಯ ಡ್ರೈವರ್ ಒಬ್ಬರದು. ನಮಾಝ್ ಮುಗಿದ ಮೇಲೆ ಯಾರೂ ಗಡಿಬಿಡಿ ಮಾಡಬೇಡಿ, ಪುಸ್ತಕ ಅಸರ್‌ವರೆಗೂ ತೆರೆದಿರುತ್ತದೆ.